ಜಂಬಣ್ಣ ಗೋಲು ಒಪ್ಪಿಸಿದ್ದು

ನಮ್ಮೂರಿನಲ್ಲಿ ಗೋಲು ಹೊಡೆದರಷ್ಟೇ ಸಾಲದು, ಒಪ್ಪಿಸಬೇಕು. ಆಟ ಮುಗಿದ ಮೇಲೆ ಗೋಲು ಹೊಡೆದವನು ಮೈದಾನದ ಮೂಡಲ ತುದಿಯ ಗೋಡೆಯೆದುರು ಕಲ್ಲುಕಟ್ಟೆಯ ಮೇಲೆ ಕೂತು, ಚೆಂಡು ಎಲ್ಲಿಂದ ಬಂತು, ಯಾರನ್ನು ದಾಟಿತು, ಯಾವ ಕಾಲಿಗೆ ಸಿಕ್ಕಿತು, ಹೇಗೆ ಒಳಗೆ ಹೋಯಿತು ಎಂದು ಮೊದಲಿನಿಂದ ಕೊನೆಯವರೆಗೆ ಹೇಳುತ್ತಾನೆ. ಹೇಳಿ ಮುಗಿಸಿದಾಗ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದ ಹಾಗೆ ಆ ಗೋಲಿಗೆಂದು ಒಂದರ ಅಂಕಿ ಮೂಡುತ್ತದೆ. ಮುಟ್ಟಿದರೆ ಬೆರಳಿಗೆ ಬಿಳಿ ಹತ್ತುತ್ತದೆ. ಪ್ರತಿ ವರ್ಷ ಅದೇ ದಿನ ಅವನು ಬಂದು ಮತ್ತೆ ಒಪ್ಪಿಸಬೇಕು. ಬಾರದಿದ್ದರೆ, ಬಂದರೂ ತಪ್ಪಿ ಹೇಳಿದರೆ, ಅಂಕಿ ಉದುರಿಹೋಗುತ್ತದೆ. ಗೋಲು ಹೊಡೆದವನು ತೀರಿಕೊಂಡರೆ ಮಾತ್ರ ಅವನ ಅಂಕಿ ಕಲ್ಲಾಗುತ್ತದೆ. ಆಮೇಲೆ ಉಳಿ ಹಿಡಿದು ಕೆತ್ತಿದರೂ ಅದು ಹೋಗುವುದಿಲ್ಲ, ಯಾರೂ ಬಂದು ಒಪ್ಪಿಸಬೇಕಾಗಿಯೂ ಇಲ್ಲ.

ಇದಕ್ಕೆ ನಾವೆಲ್ಲ ಹೊಂದಿಕೊಂಡಿದ್ದೇವೆ. ಪರವೂರಿನಲ್ಲಿ ನೌಕರಿಗಿರುವವರು ಹಬ್ಬಕ್ಕೆ ರಜೆ ಹಾಕದಿದ್ದರೂ ಒಪ್ಪಿಸುವ ದಿನಕ್ಕೆ ಹಾಕುತ್ತಾರೆ. ಹೆಣ್ಣಿನ ಕಡೆಯವರು ವರನ ಮನೆಗೆ ಬಂದಾಗ ಮೊದಲು ಗೋಡೆಯ ಕಡೆ ಒಂದು ಸುತ್ತು ಹೋಗಿ ಬರುತ್ತಾರೆ. ಎಂದೋ ಹೊಡೆದ ಗೋಲನ್ನು ತಪ್ಪದೆ ಒಪ್ಪಿಸುತ್ತ ಬಂದವನು ಹೆಂಡತಿಯನ್ನೂ ಕೈಬಿಡಲಾರ ಎಂಬುದು ಅವರ ಲೆಕ್ಕಾಚಾರ.

ಒಪ್ಪಿಸುವವನ ಎದುರು ಹೂಂಗುಟ್ಟಲು ಒಬ್ಬರು ಕೂರಬೇಕು. ಅವನು ಒಂದೊಂದು ಮಾತು ಹೇಳಿ ನಿಲ್ಲಿಸಿದಾಗಲೂ ಅವರು ಹೂಂ ಅನ್ನಬೇಕು. ಹೂಂ ಬಾರದಿದ್ದರೆ ಅವನು ಮುಂದೆ ಹೋಗುವಂತಿಲ್ಲ. ಆ ಕೆಲಸ ಹಿಂದೆ ನನ್ನ ಅಜ್ಜಿಯದಾಗಿತ್ತು. ಅಜ್ಜಿ ಹೋದ ಮೇಲೆ ಊರಿನವರು ಸೇರಿ, ಊರಿನಲ್ಲೇ ಕಡಿಮೆ ಮಾತಾಡುವವರು ಯಾರು ಎಂದು ಯೋಚಿಸಿ, ನಮ್ಮ ಮನೆಗೇ ಮತ್ತೆ ಬಂದರು. ನಾನು ಆಗಷ್ಟೇ ಡಿಗ್ರಿ ಮುಗಿಸಿ, ನೆಂಟರು ಬಂದರೆ ಅಡುಗೆಮನೆಗೆ ಓಡಿಹೋಗಿ, ಬಾಗಿಲು ಹಾಕಿಕೊಂಡು ದಿನಚರಿ ಬರೆಯುತ್ತ ಕೂತಿದ್ದೆ. "ಅಷ್ಟ್ ಓದಿಸಿದ್ದು ಹೂಂ ಅನ್ನಾಕೇನ?" ಎಂದು ಅವ್ವ ಹಣೆ ಚಚ್ಚಿಕೊಂಡಳು. ನನಗೆ ಒಳಗೊಳಗೇ ಹಿಗ್ಗಾಗಿತ್ತು. ಒಂದೇ ಅಕ್ಷರದ ಕೆಲಸ, ಅದನ್ನೂ ತಲೆ ತಗ್ಗಿಸಿಕೊಂಡೇ ಮಾಡಬಹುದು. ಅಜ್ಜಿ ಒಂದು ಎಚ್ಚರಿಕೆ ಮಾತ್ರ ಹೇಳಿದ್ದಳು. ಸುಳ್ಳಿಗೆ ಹೂಂ ಅಂದರೆ ಆ ಅಂಕಿಯೊಂದೇ ಅಲ್ಲ, ಬದುಕಿರುವವರೆಲ್ಲರ ಅಂಕಿಯೂ ಉದುರಿಬಿಡುತ್ತದೆ. ಅವಳಿಗಿಂತ ಮೊದಲು ಹೂಂಗುಟ್ಟುತ್ತಿದ್ದವನೊಬ್ಬ ತನ್ನ ಅಳಿಯನ ಮುಲಾಜಿಗೆ ಬಿದ್ದು ಹಾಗೆ ಮಾಡಿದ್ದನಂತೆ. ಬೆಳಗಾಗುವಷ್ಟರಲ್ಲಿ ಗೋಡೆಯ ಕೆಳಗೆ ಮೊಣಕಾಲುದ್ದ ಸುಣ್ಣ ಬಿದ್ದಿತ್ತಂತೆ.

ನಾನು ಮೊದಲು ಹೂಂಗುಟ್ಟಿದ್ದು ಜಂಬಣ್ಣನಿಗೆ. ಹೊಳೆಯ ಆಚೆ ದಂಡೆಯ ಊರಿನವರನ್ನು ನಮ್ಮೂರು ಗೆದ್ದದ್ದು ಒಂದೇ ಸಲ, ಗೆಲ್ಲಿಸಿದವನು ಜಂಬಣ್ಣ. ಆ ಆಟ ನಾನು ಹುಟ್ಟುವುದಕ್ಕಿಂತ ಎಷ್ಟೋ ಮೊದಲಿನದು. ಆದರೂ ಅದು ಹೇಗೆ ಹೋಯಿತು ಎಂದು ನನ್ನ ವಾರಿಗೆಯ ಯಾರನ್ನು ಕೇಳಿದರೂ ನಿದ್ದೆಗಣ್ಣಲ್ಲೇ ಹೇಳುತ್ತಾರೆ: ಮಳೆ ಬಂದು ನಿಂತಿತ್ತು, ಖಾಸಿಮ ಹಿಂದಿನಿಂದ ಚೆಂಡು ಕೊಟ್ಟ, ಜಂಬಣ್ಣ ಒಬ್ಬನನ್ನು ದಾಟಿದ, ಮತ್ತೊಬ್ಬನನ್ನು ದಾಟಿದ, ಗೋಲು ಕಾಯುವವನು ಬಲಕ್ಕೆ ಬಿದ್ದ, ಜಂಬಣ್ಣ ಎಡಕ್ಕೆ ಹೊಡೆದ. ಆ ದಿನ ಒಪ್ಪಿಸಿ ಮುಗಿಸಿದ ಮೇಲೆ ಆತ ನನ್ನ ತಲೆಯ ಮೇಲೆ ಕೈಯಿಟ್ಟು, "ನಿನ್ನ ಹೂಂ ಚಲೋ ಐತಿ ತಂಗಿ. ಎತ್ತರದಿಂದ ಬಂದ ಚೆಂಡ ಎದಿಮ್ಯಾಲ ಇಳಿಸ್ಕೊಂಡಂಗ," ಅಂದಿದ್ದ. ಅಂಥ ಮಾತನ್ನು ನನಗೆ ಅದುವರೆಗೆ ಯಾರೂ ಆಡಿರಲಿಲ್ಲ. ಮನೆಗೆ ಬಂದು ಅದನ್ನು ಬರೆದಿಟ್ಟೆ, ಹಾಗೇ, ಒಂದಕ್ಷರ ತಿದ್ದದೆ.

ಜಂಬಣ್ಣನ ಸಣ್ಣಪುಟ್ಟ ಗೋಲುಗಳು ಒಂದೊಂದಾಗಿ ಉದುರತೊಡಗಿದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ವಯಸ್ಸಾಯಿತು, ಆಲಸ್ಯ ಅಂದುಕೊಂಡರು. ಆಮೇಲೆ ಒಂದು ದಿನ ಆತ ತನ್ನ ಓಣಿಯಲ್ಲೇ ನಿಂತು ತನ್ನ ಮನೆ ಯಾವುದು ಎಂದು ಹಾಲಿನವನನ್ನು ಕೇಳಿದ. ಹೆಂಡತಿ ನೀಲವ್ವ ದೊಡ್ಡ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಅವರು ಮರಳಿ ಬರುವ ಬಸ್ಸಿಗೆ ಬಿಸಿಲುಕಟ್ಟೆಯವರೆಲ್ಲ ಹೋಗಿ ಕಾದಿದ್ದರು. ಬಿಸಿಲುಕಟ್ಟೆ ಅಂದರೆ ಮೈದಾನದ ನೆರಳಿಲ್ಲದ ಬದಿ. ಗೆಲ್ಲಲಿ ಸೋಲಲಿ, ತಲೆಗೆ ವಸ್ತ್ರ ಸುತ್ತಿಕೊಂಡು ಅಲ್ಲೇ ಕೂತು ಗಂಟಲು ಹರಿದುಕೊಳ್ಳುವ ಜನ. ಅವರಿಗೆ ಮುಖಂಡ ಡಬ್ಬಿ ದುರುಗಪ್ಪ ಕಾಕಾ. ಸೈಕಲ್ ರಿಪೇರಿ ಅಂಗಡಿಯವನು. ಆಟ ಇದ್ದ ದಿನ ಎಣ್ಣೆಡಬ್ಬಿ ಬಡಿಯುತ್ತಾನೆ. ಜಂಬಣ್ಣ ಎಲ್ಲಿಂದ ಬಂದರೂ ಡಬ್ಬಿ ಬಡಿದೇ ಇಳಿಸಿಕೊಳ್ಳುವುದು ರೂಢಿ, ಅವತ್ತೂ ಬಡಿದ. ಜಂಬಣ್ಣ ಇಳಿದು, ಸುತ್ತ ನೋಡಿ, "ಯಾರ ಮದವಿ?" ಎಂದು ಕೇಳಿದ. ಡಬ್ಬಿ ನಿಂತಿತು.

ನೀಲವ್ವ ಕೈಚೀಲ ಇಳಿಸಿಕೊಂಡು ಹೇಳಿದಳು. "ಮರವಿನ ಬ್ಯಾನಿ ಅಂತ್ರಿ. ಡಿಮೆನ್ಷಿಯಾ ಅಂದ್ರು ಡಾಕ್ಟರು. ವಾಸಿ ಆಗೂದಲ್ಲಂತ. ದಿನಾ ದಿನಾ ಹೆಚ್ಚಕೊಂತ ಹೊಕ್ಕತಂತ."

ದುರುಗಪ್ಪ ಕಾಕಾ, ಕೇಳಬಾರದು ಎಂದು ಗೊತ್ತಿದ್ದರೂ ತಡೆಯಲಾಗದೆ, "ಮತ್ತ... ಗೋಲು?" ಅಂದ.

"ನನ್ನ ಹೆಸರ ಮರತಾರ," ಅಂದಳು ನೀಲವ್ವ. "ನಿಮ್ಮ ಗೋಲು ನೆನಪ ಇಟ್ಕೊಂಡ ಕುಂದ್ರಬೇಕೇನ?"

ಆದರೂ ಅವರು ಬಿಡಲಿಲ್ಲ. ಒಪ್ಪಿಸುವ ದಿನ ಹತ್ತಿರ ಬರುತ್ತಿತ್ತು. ದಿನಾ ಸಂಜೆ ಜಂಬಣ್ಣನ ಮನೆಯ ಜಗಲಿಯಲ್ಲಿ ಸೇರಿ, ಮಕ್ಕಳಿಗೆ ಮಗ್ಗಿ ಕಲಿಸುವ ಹಾಗೆ ಕಲಿಸಲು ಕೂತರು. ಬರುವಾಗ ಒಬ್ಬ ಮೆಣಸಿನಕಾಯಿ ಬಜ್ಜಿ ತರುತ್ತಿದ್ದ, ಒಬ್ಬ ನೀಲವ್ವನ ನೀರಿನ ಕೊಡ ತುಂಬಿಸಿ ಕೊಡುತ್ತಿದ್ದ, ಒಬ್ಬ ಜಂಬಣ್ಣನ ಗಡ್ಡ ಹೆರೆಯುತ್ತಿದ್ದ. ಪ್ರೀತಿಗೇನೂ ಕೊರತೆ ಇರಲಿಲ್ಲ. ತೊಂದರೆ ಬಂದದ್ದು ಬೇರೆ ಕಡೆಯಿಂದ. ಇಷ್ಟು ವರ್ಷ ಅವರೆಲ್ಲ ಆ ಗೋಲನ್ನು ತಂತಮ್ಮ ಮನೆಯಲ್ಲಿ ಹೇಳಿ ಹೇಳಿ, ಒಬ್ಬೊಬ್ಬರ ಗೋಲು ಒಂದೊಂದು ರೀತಿ ಬೆಳೆದುಬಿಟ್ಟಿತ್ತು. ಒಬ್ಬ ಮೂರು ಮಂದಿಯನ್ನು ದಾಟಿಸಿದ. ಇನ್ನೊಬ್ಬ, "ಏ, ತಲಿಲೆ ಹೊಡದದ್ದಲೇ ಅದು," ಅಂದ. "ನೀ ಹುಟ್ಟಿದ್ದೇನಲೇ ಆವಾಗ?" "ನಮ್ಮಪ್ಪ ನೋಡ್ಯಾನ!" "ನಿಮ್ಮಪ್ಪ ಆಟ ನೋಡಾಕ ಎಲ್ಲಿ ಬರ್ತಿದ್ದ, ಶೇಂಗಾ ತಿನ್ನಾಕ ಬರ್ತಿದ್ದ!" ಜಗಳ ಏರಿದಾಗ ಜಂಬಣ್ಣ ಇಬ್ಬರ ಮುಖವನ್ನೂ ಮರ್ಯಾದೆಯಿಂದ ನೋಡುತ್ತಿದ್ದ. ಎಲ್ಲ ಕೇಳಿ ಮುಗಿದ ಮೇಲೆ, "ಭಾಳ ಚಲೋ ಹೊಡದಾನ್ರಿ," ಅನ್ನುತ್ತಿದ್ದ. "ಯಾರಂವ?"

ನಾನೂ ಅಲ್ಲಿರುತ್ತಿದ್ದೆ. ಹೂಂಗುಟ್ಟುವವಳು ಎದುರಿಗಿದ್ದರೆ ನೆನಪು ಬಂದೀತು ಎಂದು ಅವರ ಆಸೆ. ಕೆಲವು ದಿನ ಬರುತ್ತಿತ್ತು ಕೂಡ. ಮಳೆ ಬಂದು ನಿಂತದ್ದು, ಖಾಸಿಮ ಕೊಟ್ಟದ್ದು, ಅಲ್ಲಿಯವರೆಗೆ ಗಡಿಯಾರದ ಹಾಗೆ ನಡೆಯುತ್ತಿತ್ತು. ಒಬ್ಬನನ್ನು ದಾಟಿದ ಮೇಲೆ ಮಾತು ಮಂಜಿನಲ್ಲಿ ಹೊಕ್ಕಂತಾಗಿ ಅಲ್ಲೇ ನಿಲ್ಲುತ್ತಿತ್ತು.

ಖಾಸಿಮ ಅಂದರೆ ಖಾಸಿಮಸಾಬ, ಆ ತಂಡದ ಹಿಂದಿನ ಕಾವಲಿನವನು, ಫುಲ್‌ಬ್ಯಾಕ್. ಜಂಬಣ್ಣನ ಜೀವದ ಗೆಳೆಯ. ತೀರಿಕೊಂಡು ಕೆಲವು ವರ್ಷವಾಯಿತು. ಆಡಿದಷ್ಟು ಕಾಲವೂ ಆತ ಮೈದಾನದ ನಡುಗೆರೆಯನ್ನು ದಾಟಿದವನೇ ಅಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದ ತಮಾಷೆ. ಚೆಂಡು ಗೆರೆ ದಾಟಿದರೆ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಡುತ್ತಿದ್ದನಂತೆ. "ಆಚಿದು ನಿಂದು, ಈಚಿದು ನಂದು," ಎಂದು ಜಂಬಣ್ಣನಿಗೆ ಹೇಳುತ್ತಿದ್ದನಂತೆ. ಒಂದೂ ಗೋಲು ಹೊಡೆಯದೆ ಹೋದ. ಗೋಡೆಯ ಮೇಲೆ ಆತನದು ಏನೂ ಇರಲಿಲ್ಲ.

ಒಂದು ಮಧ್ಯಾಹ್ನ ಸೈಕಲ್ಲಿನ ಪಂಕ್ಚರ್ ಹಾಕಿಸಲು ದುರುಗಪ್ಪ ಕಾಕಾನ ಅಂಗಡಿಗೆ ಹೋಗಿದ್ದೆ. ಒಳಗೆ ಕೂತಿದ್ದ ಬಿಸಿಲುಕಟ್ಟೆಯವರಲ್ಲಿ ಒಬ್ಬ ನಾನಿದ್ದದ್ದನ್ನು ಕಾಣದೆ, "ಆ ದಿನದೊಳಗ ಜಂಬಣ್ಣಗ ಏನರ ಹೆಚ್ಚುಕಮ್ಮಿ ಆತಂದ್ರ... ಅಂಕಿ ಕಲ್ಲಾಗಿ ಉಳಿತಿತ್ತಲ್ಲಪಾ," ಅಂದ. ದುರುಗಪ್ಪ ಕಾಕಾ ಕೈಯಲ್ಲಿದ್ದ, ನಟ್ಟು ಬಿಗಿಯುವ ಪಾನಾ ಎಸೆದ. ಅದು ಅವನ ಕಿವಿಯ ಪಕ್ಕದಿಂದ ಹಾದು ಬಾಗಿಲಿಗೆ ಬಡಿಯಿತು. ಅವನು ಓಡಿಹೋದ. ಕಾಕಾ ಟೈರುಗಳ ನಡುವೆ ಕುಸಿದು ಕೂತು, ನನ್ನನ್ನು ನೋಡಿ, ಎಣ್ಣೆಗೈಯಿಂದಲೇ ಕಣ್ಣೊರೆಸಿಕೊಂಡ.

"ಬೈದೆ ಖರೆ. ನನ್ನ ತಲಿಯೊಳಗೂ ಒಮ್ಮೆ ಬಂದು ಹೋತು ತಂಗಿ ಅದು," ಅಂದ. "ಎಂಥಾ ಜನ ನಾವು!" ಆಮೇಲೆ ನನ್ನ ಕಡೆ ಬಾಗಿ, "ನೀ ಒಂದ ಕೆಲಸ ಮಾಡು. ಅಂವ ಏನರ ಹೇಳ್ಲಿ, ಹೂಂ ಅಂದಬಿಡು," ಅಂದ.

"ಗೋಡೆಲ್ಲಾ ಉದುರತೈತಿ ಕಾಕಾ."

"ಉದುರ್ಲಿ."

ಆದರೆ ಹಾಗೆ ಅಂದ ಕಾಕಾನ ಮುಖದಲ್ಲಿ ಧೈರ್ಯವಿರಲಿಲ್ಲ. ಅವನ ಮಗನ ಮೂರು ಗೋಲುಗಳೂ ಆ ಗೋಡೆಯ ಮೇಲಿದ್ದವು.

ಒಪ್ಪಿಸುವ ದಿನದ ಹಿಂದಿನ ಸಂಜೆ ನೀಲವ್ವ ಶೇಂಗಾ ಸುಲಿಯುತ್ತ ಕೂತಿದ್ದಳು. ಒಪ್ಪಿಸಿ ಮುಗಿದ ಮೇಲೆ ಗೋಲು ಹೊಡೆದವನಿಗೆ ಬೆಲ್ಲ ಶೇಂಗಾ ಕೊಡುವುದು ಪದ್ಧತಿ, ಹುರಿಯುವುದು ಮನೆಯವರ ಪಾಲಿನ ಕೆಲಸ. ನಾನೂ ಪಕ್ಕದಲ್ಲಿ ಕೂತು ಸುಲಿಯತೊಡಗಿದೆ. ಒಳಗಿಂದ ಜಂಬಣ್ಣ "ಎವ್ವಾ" ಎಂದು ಕೂಗಿದ. ನೀಲವ್ವ "ಹೂಂ" ಅಂದಳು. ಅವನು ಮತ್ತೇನೂ ಕೇಳಲಿಲ್ಲ.

ನಾನು ಅವಳನ್ನೇ ನೋಡುತ್ತಿದ್ದೆ. ಅವಳು ನಕ್ಕಳು. "ಮುಂಜಾನೆ ಎದ್ದ ಕೂಡ್ಲೆ ಎವ್ವಾ ಅಂತಾರ. ಹೊತ್ತೇರಿದಮ್ಯಾಲ ಅಕ್ಕಾ ಅಂತಾರ. ನಿನ್ನೆ ಯಾವ ಊರಾಕಿ ನೀನು, ಊಟಾ ಮಾಡಿದೇನು ಅಂತ ಕೇಳಿದ್ರು. ಎಲ್ಲಾದಕ್ಕೂ ಹೂಂ ಅಂತೀನಿ."

ನನಗೆ ತಡೆಯಲಾಗಲಿಲ್ಲ. "ಸುಳ್ಳ ಆಗೂದಿಲ್ಲೇನ್ರಿ ಅದು?" ಎಂದು ಕೇಳಿಬಿಟ್ಟೆ.

"ಯಾಕ ಸುಳ್ಳ? ಅವರು ಕರದ್ರು. ನಾ ಇಲ್ಲೇ ಅದೀನಿ ಅಂತ ಹೇಳಿದೆ. ಅಷ್ಟ ಅಲ್ಲೇನ ಹೂಂ ಅಂದ್ರ?" ಅಂದು ಮೊರದಲ್ಲಿದ್ದ ಸಿಪ್ಪೆ ತೂರಿದಳು.

ಮರುದಿನ ಮೈದಾನ ತುಂಬಿತ್ತು. ಆಚೆ ದಂಡೆಯವರು ಪ್ರತಿ ವರ್ಷದ ಹಾಗೆ ರೊಟ್ಟಿಬುತ್ತಿ ಕಟ್ಟಿಕೊಂಡು ದೋಣಿಯಲ್ಲಿ ಬಂದಿದ್ದರು. ಜಂಬಣ್ಣ ಎಲ್ಲಾದರೂ ತಪ್ಪಿಯಾನೆ ಎಂದು ನೋಡುವುದು ಅವರಿಗೆ ವರ್ಷಕ್ಕೊಂದು ಜಾತ್ರೆ. ಈ ಸಲ ಸುದ್ದಿ ಅವರಿಗೂ ಮುಟ್ಟಿದ್ದರಿಂದ ಯಾರೂ ಜೋರಾಗಿ ನಗುತ್ತಿರಲಿಲ್ಲ. ಬಿಸಿಲುಕಟ್ಟೆಯವರು ಜಂಬಣ್ಣನಿಗೆ ಹಳೆಯ ಹಳದಿ ಅಂಗಿ ತೊಡಿಸಿ, ಎರಡೂ ಕಡೆ ಕೈ ಹಿಡಿದು ಕರೆತಂದು ಕಟ್ಟೆಯ ಮೇಲೆ ಕೂರಿಸಿದರು. ಅವನ ಹಿಂದೆ ಗೋಡೆಯ ಮೇಲೆ ಅವನ ಒಂದರ ಅಂಕಿ, ಉಳಿದಿದ್ದ ಒಂದೇ ಒಂದು. ನಾನು ಎದುರಿಗೆ ಕೂತೆ. ತಲೆ ತಗ್ಗಿಸಲಿಲ್ಲ. ತಗ್ಗಿಸಿದರೆ ಅವನು ಒಬ್ಬಂಟಿಯಾಗುತ್ತಾನೆ ಅನ್ನಿಸಿತು.

ಅವನು ಬಹಳ ಹೊತ್ತು ಮೈದಾನವನ್ನು ನೋಡಿದ. ಆಮೇಲೆ ತಾನಾಗಿಯೇ ಶುರುಮಾಡಿದ.

"ಮಳಿ ಬಂದು ನಿಂತಿತ್ತು."

"ಹೂಂ," ಅಂದೆ.

"ಚೆಂಡು ನೀರು ಕುಡದು ಭಾರ ಆಗಿತ್ತು."

"ಹೂಂ."

"ಖಾಸಿಮ ಹಿಂದಿಂದ ಕೊಟ್ಟ."

"ಹೂಂ."

"ಒಬ್ಬ ಬಂದ. ದಾಟಿದೆ."

"ಹೂಂ."

"ಮತ್ತೊಬ್ಬ ಬಂದ." ನಿಂತ. ನಾನು ಹೂಂ ಅಂದೆ. "ಮತ್ತೊಬ್ಬ ಬಂದ," ಅಂದ ಮತ್ತೆ. ಚಪ್ಪಲಿಯೊಳಗೆ ಅವನ ಬಲಗಾಲು ಸಣ್ಣಗೆ ಅಲುಗುತ್ತಿತ್ತು. ಕಾಲಿಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ಬಿಸಿಲುಕಟ್ಟೆಯ ಕಡೆಯಿಂದ ಯಾರೋ "ದಾಟಿದೆ... ದಾಟಿದೆ ಅನ್ನಣ್ಣಾ" ಎಂದು ಪಿಸುಗುಟ್ಟಿದರು. ಹೇಳಿಕೊಡುವಂತಿಲ್ಲ. ದುರುಗಪ್ಪ ಕಾಕಾ ಪಿಸುಗುಟ್ಟಿದವನ ಬಾಯಿ ಮುಚ್ಚಿದ.

ಜಂಬಣ್ಣ ಕತ್ತು ತಿರುಗಿಸಿ ಬಲಗಡೆ ನೋಡಿದ. ಬರಿ ಹುಲ್ಲಿನ ಮೇಲೆ ಬಿಸಿಲು ಬಿದ್ದಿತ್ತು. ಅವನ ಮುಖ ನಿಧಾನಕ್ಕೆ ಅರಳಿತು. ತಿಂಗಳಾನುಗಟ್ಟಲೆ ನಾನು ಕಾಣದಿದ್ದ ಮುಖ ಅದು.

"ಅಲ್ನೋಡು," ಅಂದ. "ಖಾಸಿಮ ಬಂದಾನ."

ಆಚೆ ದಂಡೆಯವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ನಮ್ಮವರೊಳಗೊಬ್ಬ, "ಖಾಸಿಮಸಾಬನೇನ? ಅಂವ ಗೆರಿ ದಾಟಿದವನ ಅಲ್ಲಲ್ಲೋ ಮಾರಾಯಾ!" ಎಂದು ಅಳುವ ದನಿಯಲ್ಲಿ ಅಂದ. ಗೋಡೆಯ ಮೇಲಿನ ಒಂದರ ತುದಿಯಿಂದ ಸುಣ್ಣ ಹಿಟ್ಟಿನ ಹಾಗೆ ಉದುರತೊಡಗಿತು. ಜಂಬಣ್ಣನ ಹೆಗಲಿಗೂ ಬಿತ್ತು. ಅವನು ಅದನ್ನು ಗಮನಿಸದೆ ನನ್ನನ್ನೇ ನೋಡುತ್ತಿದ್ದ, ಹೂಂಗಾಗಿ ಕಾಯುತ್ತ.

ಆ ಗೋಲಿನಲ್ಲಿ ಖಾಸಿಮ ಗೆರೆ ದಾಟಿ ಬಂದಿರಲಿಲ್ಲ. ಅದು ನನಗೆ ಗೊತ್ತಿತ್ತು, ಮೈದಾನದ ಪ್ರತಿಯೊಬ್ಬರಿಗೂ ಗೊತ್ತಿತ್ತು. ನಾನು ಸುಮ್ಮನಿದ್ದರೆ ಈ ಒಂದು ಹೋಗುತ್ತದೆ, ಬೇರೆಯವರದೆಲ್ಲ ಉಳಿಯುತ್ತದೆ. ಹೂಂ ಅಂದರೆ ಎಲ್ಲರದೂ ಹೋಗಬಹುದು. ದುರುಗಪ್ಪ ಕಾಕಾನ ಕಡೆ ನೋಡಿದೆ. ಅವನು ಕಣ್ಣು ಮುಚ್ಚಿಕೊಂಡಿದ್ದ. ನೀಲವ್ವನ ಕಡೆ ನೋಡಿದೆ. ಅವಳು ಶೇಂಗಾದ ಪುಟ್ಟಿ ಮಡಿಲಲ್ಲಿಟ್ಟುಕೊಂಡು, ಗೋಡೆಯನ್ನು ನೋಡದೆ ಗಂಡನನ್ನು ನೋಡುತ್ತಿದ್ದಳು. ಈ ಮನುಷ್ಯ ಸುಳ್ಳು ಹೇಳುತ್ತಿಲ್ಲ, ಕಂಡದ್ದನ್ನು ಹೇಳುತ್ತಿದ್ದಾನೆ. ಒಬ್ಬನೇ ಕೂತು ಅದನ್ನು ಕಾಣುತ್ತಿದ್ದಾನೆ. ಹೂಂ ಅಂದರೆ ಹೌದು ಎಂದೇ ಆಗಬೇಕೆಂದಿಲ್ಲ. ಇಲ್ಲೇ ಇದ್ದೇನೆ, ಮುಂದೆ ಹೇಳು ಎಂದೂ ಆಗುತ್ತದೆ.

"ಹೂಂ," ಅಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು.

ಉದುರುವುದು ನಿಂತಿತು.

"ಗೆರಿ ದಾಟಿ ಬಂದಾನಲ್ಲ ಮಗ!" ಜಂಬಣ್ಣ ತೊಡೆ ತಟ್ಟಿಕೊಂಡ. "ಕೊಡೋ ಕೊಡೋ ಅಂತ ಬಾಯಿ ಮಾಡಾಕತ್ತಾನ."

"ಹೂಂ."

"ಕೊಟ್ಟೆ."

"ಹೂಂ."

ಅವನು ಮುಂದಕ್ಕೆ ಬಾಗಿ, ಆಟ ನೋಡುವವನ ಹಾಗೆ ಕಣ್ಣು ಕಿರಿದು ಮಾಡಿ ದೂರದ ಕಂಬಗಳ ಕಡೆ ನೋಡಿದ. ನಾವೂ ಅಲ್ಲೇ ನೋಡಿದೆವು, ಆಚೆ ದಂಡೆಯವರೂ ರೊಟ್ಟಿ ಕೈಯಲ್ಲಿ ಹಿಡಿದು ಅಲ್ಲೇ ನೋಡಿದರು. ಏನಾಗುತ್ತದೋ ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ಬಾಯಿಪಾಠವಾಗಿದ್ದ ಆ ಗೋಲು ಆ ಗಳಿಗೆಯಲ್ಲಿ ಇನ್ನೂ ಆಗಿರಲೇ ಇಲ್ಲ.

"ಹೊಡದ," ಅಂದ ಜಂಬಣ್ಣ ಮೆಲ್ಲಗೆ. ಆಮೇಲೆ ಎರಡೂ ಕೈ ಎತ್ತಿ, "ಹೊಡದಬಿಟ್ಟಲೇ ಖಾಸಿಮಾ!" ಎಂದು ಕೂಗಿದ.

ನಾನು ಕೊನೆಯ ಹೂಂ ಅಂದದ್ದು ಯಾರಿಗೂ ಕೇಳಿಸಲಿಲ್ಲ. ಏಕೆಂದರೆ ದುರುಗಪ್ಪ ಕಾಕಾ ಡಬ್ಬಿಯನ್ನು ಕಾಲಡಿ ಇಟ್ಟುಕೊಂಡದ್ದು ಮರೆತು, ಅದರ ಮೇಲೆಯೇ ಹತ್ತಿ ನಿಂತು "ಗೋಲ್!" ಎಂದು ಅರಚಿದ್ದ. ಡಬ್ಬಿ ಅಪ್ಪಚ್ಚಿಯಾಗಿ ಅವನು ಮುಂದಿದ್ದವರ ಮೇಲೆ ಬಿದ್ದ. ಬಿದ್ದವನು ಬಿದ್ದಲ್ಲಿಂದಲೇ ಇನ್ನೊಮ್ಮೆ ಕೂಗಿದ. ಆಮೇಲೆ ಮೈದಾನವೆಲ್ಲ ಕೂಗಿತು.

ಗದ್ದಲ ಇಳಿದ ಮೇಲೆ ನೋಡಿದರೆ ಗೋಡೆಯಿಂದ ಒಂದು ಅಂಕಿಯೂ ಬಿದ್ದಿರಲಿಲ್ಲ. ಜಂಬಣ್ಣನ ಒಂದೂ ಅಲ್ಲೇ ಇತ್ತು, ಮೇಲಿನ ತುದಿ ಸ್ವಲ್ಪ ಮುಕ್ಕಾಗಿ. ಕಾಕಾ ಕುಂಟುತ್ತ ಹೋಗಿ ಮೆತ್ತಗೆ ಮುಟ್ಟಿದ. ಬೆರಳು ನೋಡಿಕೊಂಡ. ಮತ್ತೆ ಮುಟ್ಟಿದ. ಉಗುರಿನಿಂದ ಕೆರೆದ. ಕಿಸೆಯಿಂದ ಪಾನಾ ತೆಗೆದು ಬಡಿದ. ಠಣ್ ಅಂದಿತು.

"ಕಲ್ಲಾಗೈತಿ," ಅಂದ ನಮ್ಮ ಕಡೆ ತಿರುಗಿ.

ಯಾರೋ ಗಾಬರಿಯಿಂದ ಜಂಬಣ್ಣನ ಮುಖ ನೋಡಿದರು. ಅವನು ಕಟ್ಟೆಯ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದ. ಆಗ ಎಲ್ಲರಿಗೂ ಹೊಳೆಯಿತು. ಗೋಲು ಈಗ ಖಾಸಿಮನದು. ಖಾಸಿಮ ತೀರಿಕೊಂಡು ವರ್ಷಗಳೇ ಆದವು. ಜಂಬಣ್ಣ ಒಪ್ಪಿಸಿದ್ದಾನೆ, ಗೋಡೆ ಒಪ್ಪಿದೆ, ಮುಂದಿನ ವರ್ಷ ಯಾರೂ ಬಂದು ಏನನ್ನೂ ನೆನಪಿಸಿಕೊಳ್ಳಬೇಕಾಗಿಲ್ಲ.

"ಆದ್ರ ಗ್ವಾಡಿ ಮ್ಯಾಲ ಜಂಬಣ್ಣಂದು ಅಂತ ಈಗ ಒಂದೂ ಉಳಿಲಿಲ್ಲಲ್ಲ," ಅಂದ ಅಂಗಡಿಯಲ್ಲಿ ಪಾನಾದ ಏಟು ತಪ್ಪಿಸಿಕೊಂಡಿದ್ದವನು. ಅವನ ಕಣ್ಣು ತುಂಬಿತ್ತು.

"ಪಾಸ್ ಅಂವಂದ ಅಲ್ಲೇನಲೇ?" ಅಂದ ಕಾಕಾ. ಅಷ್ಟು ಅಂದವನು ಮುಖ ಆಚೆ ತಿರುಗಿಸಿ, ಚಪ್ಪಟೆಯಾದ ಡಬ್ಬಿಯನ್ನು ಸರಿಮಾಡುತ್ತ ಬಹಳ ಹೊತ್ತು ಕೂತ.

ಬೆಲ್ಲ ಶೇಂಗಾ ಗೋಲು ಹೊಡೆದವನ ಮನೆಗೆ ಹೋಗಬೇಕು. ಅದೇ ಪುಟ್ಟಿ ಎತ್ತಿಕೊಂಡು ನಾವೆಲ್ಲ ಖಾಸಿಮಸಾಬನ ಹೆಂಡತಿ ಮಾಬೂಬಿಯ ಮನೆಗೆ ಹೋದೆವು. ಆಕೆ ಬಾಗಿಲಲ್ಲೇ ನಿಂತು ಸಂಗತಿಯೆಲ್ಲ ಕೇಳಿ, "ಇವರೇನ? ಇದ್ದಾಗ ಸಂತಿಗೆ ಹೋಗಿ ಬರ್ರಿ ಅಂದ್ರ ಓಣಿ ದಾಟ್ತಿದ್ದಿಲ್ಲ. ಈಗ ಗೆರಿ ದಾಟಿ ಬಂದು ಗೋಲ್ ಹೊಡದ್ರಂತ!" ಎಂದು ಸಿಟ್ಟಿನಿಂದ ಅಂದಳು. ಸೆರಗು ಒಡ್ಡಿ ಬೆಲ್ಲ ಹಾಕಿಸಿಕೊಂಡಳು. ಒಂದು ಚೂರು ಬಾಯಿಗೆ ಹಾಕಿಕೊಂಡು, ಬಾಗಿಲಿಗೆ ಒರಗಿ, "ಯಾವ ಕಾಲಿಲೆ ಹೊಡದ್ರು?" ಎಂದು ಕೇಳಿದಳು. ಅದನ್ನು ಜಂಬಣ್ಣ ಹೇಳಿರಲಿಲ್ಲ. ಬಿಸಿಲುಕಟ್ಟೆಯವರು ಒಬ್ಬರ ಮುಖ ಒಬ್ಬರು ನೋಡಿ, ಅಲ್ಲಿಯೇ ಜಗಳ ಶುರುಮಾಡಿದರು.

ನಾನು ಜಂಬಣ್ಣನ ಮನೆಗೆ ತಿರುಗಿ ಬಂದೆ. ನೀಲವ್ವ ಒಳಗೆ ದೀಪ ಹಚ್ಚುತ್ತಿದ್ದಳು. ಅವನು ಹಳದಿ ಅಂಗಿಯಲ್ಲೇ ಜಗಲಿಯ ಮೇಲೆ ಕೂತಿದ್ದ. ಹೆಗಲ ಮೇಲೆ ಇನ್ನೂ ಸ್ವಲ್ಪ ಸುಣ್ಣವಿತ್ತು. ನನ್ನನ್ನು ನೋಡಿ, ಊರಿಗೆ ಹೊಸಬರನ್ನು ಮಾತಾಡಿಸುವಂತೆ, "ಆಟ ನೋಡಾಕ ಹೋಗಿದ್ದೇನವ್ವಾ? ಯಾರು ಗೆದ್ರು?" ಎಂದು ಕೇಳಿದ.

"ನಾವು," ಅಂದೆ.

"ಹೌದಾ! ಯಾರು ಹೊಡದ್ರು?"

"ಖಾಸಿಮ ಕಾಕಾ."

ಅವನು ಮೈಯೆಲ್ಲ ಅಲುಗುವಂತೆ ನಕ್ಕ. "ಖಾಸಿಮನೇನ? ಹೋಗ ಹೋಗ! ಅಂವ ಗೆರಿ ದಾಟಿದವನ ಅಲ್ಲ. ನನಗ ಗೊತ್ತಿಲ್ಲೇನು ಅಂವ? ಸುಳ್ಳ ಹೇಳ್ತಿ ನೀನು." ನಕ್ಕು ಬಂದ ಕಣ್ಣೀರನ್ನು ಒರೆಸಿಕೊಂಡು ಪಕ್ಕದ ಜಾಗ ತಟ್ಟಿದ. "ಆಗ್ಲಿ, ಕುಂದ್ರು. ಹೆಂಗ ಹೊಡದ ಹೇಳು."

ನಾನು ಒಂದು ಅಕ್ಷರಕ್ಕಿಂತ ಹೆಚ್ಚು ಮಾತಾಡುವವಳಲ್ಲ. ಕೂತೆ. ಎದುರಿನ ಓಣಿಯನ್ನೇ ಮೈದಾನ ಅಂದುಕೊಂಡು ಶುರುಮಾಡಿದೆ.

"ಮಳಿ ಬಂದು ನಿಂತಿತ್ತು," ಅಂದೆ.

"ಹೂಂ," ಅಂದ ಜಂಬಣ್ಣ.